ಕುಗ್ಗುಪಟ್ಟಿ

ಮಗಳು ಇವತ್ತೂ ಕೋಚ್ ಮೇಡಂ ಹತ್ತಿರ ಕ್ಷಮೆ ಕೇಳುವುದಿಲ್ಲ ಎಂಬುದು ಅವನಿಗೆ ಹಲ್ಲುಜ್ಜುವಾಗಲೇ ಗೊತ್ತಾಗಿತ್ತು. ಹಾಗೆ ಗೊತ್ತಾದದ್ದರಿಂದ ತನಗೆ ಆದದ್ದು ಸಂತೋಷವೋ ಭಯವೋ ಎಂದು ಬಾಯಿ ಮುಕ್ಕಳಿಸುತ್ತ ತನ್ನನ್ನೇ ಕೇಳಿಕೊಂಡ. ಸಂತೋಷವೇ ಎಂದು ತೀರ್ಮಾನಿಸಿ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಹದಿಮೂರು ವರ್ಷದ ಹುಡುಗಿ ಅಡುಗೆಮನೆಯ ನೆಲದ ಮೇಲೆ ಕುಳಿತು, ಹಾಕಿ ಆಡುವಾಗ ಕಾಲಿಗೆ ಕಟ್ಟುವ ಶಿನ್ ಪ್ಯಾಡಿನ ಪಟ್ಟಿಯನ್ನು ಹೊಲಿಯುತ್ತಿದ್ದಳು. ಹೋದ ವರ್ಷದ ತನಕ ಅದನ್ನು ಹೊಲಿದುಕೊಡುತ್ತಿದ್ದವನು ಅವನೇ. ಬೆಳಗಿನ ಐದೂವರೆಗೆ ಅವಳನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಮೈದಾನಕ್ಕೆ ಒಯ್ದು, ಇಬ್ಬನಿಯಲ್ಲಿ ನೆಂದ ಚೆಂಡನ್ನು ತನ್ನ ಅಂಗಿಯಂಚಿನಿಂದ ಒರೆಸಿ ಒರೆಸಿ ಅವಳತ್ತ ಉರುಳಿಸಿದವನೂ ಅವನೇ. ಹಾಕಿಯನ್ನು ಅವನು ಒಂದು ದಿನವೂ ಆಡಿದವನಲ್ಲ. ಆದರೆ ನಿಯಮಗಳ ಪುಸ್ತಕವನ್ನು ಮೊದಲಿನಿಂದ ಕೊನೆಯ ತನಕ ಬಾಯಿಪಾಠ ಮಾಡಿದ್ದ. ಬೇರೆ ಮಕ್ಕಳ ತಂದೆತಾಯಿಯರು 'ಓಡು, ಹೊಡಿ' ಎಂದು ಕೂಗುವಾಗ ಅವನೊಬ್ಬ 'ನಲವತ್ತೈದು ಡಿಗ್ರಿ, ನಲವತ್ತೈದು!' ಎಂದು ಕೂಗಿ ಅವರ ನಗೆಗೆ ಗುರಿಯಾಗುತ್ತಿದ್ದ. ನಕ್ಕವರನ್ನು ಅವನು ಕ್ಷಮಿಸಿದ್ದ. ಸರಿಯಾದದ್ದನ್ನು ಹೇಳುವವನಿಗೆ ನಗೆಯ ಹಂಗಿಲ್ಲ ಎಂದು ಅವನು ನಂಬಿದ್ದ.

"ಇವತ್ತು ಮೂರು ಗಂಟೆಗೆ ಆಡೋರ ಹೆಸರಿನ ಪಟ್ಟಿ ಕೊಡ್ತಾರಂತೆ," ಎಂದಳು ಹೆಂಡತಿ, ಯಾರನ್ನೂ ನೋಡದೆ. "ಇವತ್ತಿನ ಮ್ಯಾಚ್ ನೋಡೇ ಊರಿನ ಟೀಮಿಗೆ ಆರಿಸೋದಂತೆ. ಇವತ್ತು ಬಿಟ್ರೆ ಬರೋ ವರ್ಷ."

"ನನಗೆ ಗೊತ್ತು," ಎಂದ ಅವನು.

"ಗೊತ್ತಿದ್ರೆ ಒಂದು ಮಾತು ಹೇಳಿ ಅವಳಿಗೆ. ನೀವು ಹೇಳಿದ್ರೆ ಮಾತ್ರ ಕೇಳೋದು. ಆ ಬಳೆ ಚಿಕ್ಕದೋ, ನಿಮ್ಮ ಸ್ಟಿಕ್ಕು ದಪ್ಪವೋ, ನನಗದು ಬೇಡ ರೀ. ಒಂದು ವಾರದಿಂದ ಮಗು ನೆಟ್ಟಗೆ ಊಟ ಮಾಡಿಲ್ಲ."

"ತಪ್ಪು ಮಾಡದೆ ತಪ್ಪಾಯ್ತು ಅನ್ನು ಅಂತ ನಾನು ಹೇಳಿಕೊಡಲಾ?"

"ಅಮ್ಮ, ಬಿಡು," ಎಂದಳು ಮಗಳು, ದಾರವನ್ನು ಹಲ್ಲಿನಿಂದ ಕಡಿದು. "ನಾನು ಹೇಳಲ್ಲ. ಅಪ್ಪ ಅಳೆದಿರೋದು ಅದು."

ಆ ಕೊನೆಯ ಮಾತು ಅವನ ಸೈಕಲ್ಲಿನ ಜೊತೆಗೆ ಕಾರ್ಖಾನೆಯ ಗೇಟಿನ ತನಕ ಬಂತು. ಅಪ್ಪ ಅಳೆದಿರೋದು ಅದು. ಅವನಿಗೆ ಹತ್ತು ವರ್ಷವಾಗಿದ್ದಾಗ ತರಗತಿಯ ಶಾಯಿಕುಡಿಕೆ ಒಡೆದಿತ್ತು. ಒಡೆದವನು ಅವನಲ್ಲ, ಆದರೂ ಮೇಷ್ಟರ ಕೈಯ ಬೆತ್ತವನ್ನು ನೋಡಿ ಅವನ ಬಾಯಿಂದ ತಾನಾಗಿಯೇ 'ತಪ್ಪಾಯ್ತು ಸಾರ್' ಬಂದುಬಿಟ್ಟಿತ್ತು. ಬೆತ್ತ ಬೀಳಲಿಲ್ಲ, ನಿಜ. ಆದರೆ ಆ ಮಾತು ಬಾಯಲ್ಲಿ ಉಳಿಸಿದ ರುಚಿ ಮೂವತ್ತು ವರ್ಷವಾದರೂ ಹೋಗಿಲ್ಲ. ಮಕ್ಕಳ ಬಾಯಿಂದ ಸುಳ್ಳು ಕ್ಷಮೆಯನ್ನು ಹಿಂಡಿ ತೆಗೆಯುವ ಜಗತ್ತು ನೀಚವಾದದ್ದು, ತನ್ನ ಮನೆಯ ಹೊಸ್ತಿಲೊಳಗೆ ಆ ನೀಚತನಕ್ಕೆ ಜಾಗವಿಲ್ಲ ಎಂದು ಮಗಳು ಹುಟ್ಟಿದ ದಿನವೇ ಅವನು ನಿಶ್ಚಯಿಸಿದ್ದ. ಹೋದ ಶನಿವಾರ ಕೋಚ್ ಮೇಡಂ ತನ್ನ ಕೊರಳದಾರದಲ್ಲಿದ್ದ ಹಿತ್ತಾಳೆಯ ಬಳೆಯನ್ನು ತೆಗೆದು, ಅವನು ಒಂದು ತಿಂಗಳು ಪದರ ಪದರವಾಗಿ ಅಂಟಿಸಿ, ಬಾಗಿಸಿ, ಕೆತ್ತಿ ಮಾಡಿದ ಕೋಲಿಗೆ ತೊಡಿಸಿ ಇಳಿಸಿದಾಗ, ಕೋಲು ಬಾಗುವಲ್ಲಿಗೆ ಬಂದು ಅದು ಕಚ್ಚಿಕೊಂಡು ನಿಂತಾಗ, ತನ್ನ ಅಳತೆಯ ಬಗ್ಗೆ ಅವನಿಗೆ ಒಂದಿಷ್ಟೂ ಅನುಮಾನ ಬರಲಿಲ್ಲ. ಆಡುವ ಕೋಲು ಯಾವುದೇ ಇರಲಿ, ಐವತ್ತೊಂದು ಮಿಲಿಮೀಟರಿನ ಬಳೆಯೊಳಗೆ ಹಾದುಹೋಗಬೇಕು. ಇದು ನಿಯಮ. ಅವನು ಬೇಕೆಂದೇ ಐವತ್ತೊಂದಕ್ಕೆ ಕಾಲು ಮಿಲಿಮೀಟರು ಕಮ್ಮಿ ಇಟ್ಟಿದ್ದ.

"ಹೋಗ್ತಿಲ್ಲ ಸಾರ್," ಎಂದಿದ್ದರು ಮೇಡಂ. ಅಂಚೆ ಕಚೇರಿಯ ಕೌಂಟರಿನಲ್ಲಿ ಕೆಲಸ, ಒಂದು ಮಂಡಿ ಬಾಗುವುದಿಲ್ಲ, ಒಂದು ಕಾಲದಲ್ಲಿ ದೊಡ್ಡ ಪಂದ್ಯಗಳನ್ನು ಆಡಿದವರು.

"ನಿಮ್ಮ ಬಳೆ ಸವೆದಿದೆ."

"ಸವೆದ್ರೆ ಬಳೆ ದೊಡ್ಡದಾಗತ್ತೆ ಸಾರ್. ಚಿಕ್ಕದಾಗಲ್ಲ."

ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ಮೇಡಂ ಕೂಡ ನಕ್ಕರು, ಕೆಟ್ಟದಾಗಿ ಏನಲ್ಲ. ಆ ನಗೆಯಲ್ಲಿ ಅವನ ಕಿವಿ ಬಿಸಿಯಾಗಿ, "ಹಾಗಾದ್ರೆ ಬೇಕಂತಲೇ ಚಿಕ್ಕದು ಮಾಡಿಸಿಟ್ಟಿದೀರಿ, ಬೇಡದವರ ಮಕ್ಕಳನ್ನ ಹೊರಗಿಡೋದಕ್ಕೆ," ಎಂದು ಎಲ್ಲರಿಗೂ ಕೇಳುವಂತೆ ಅಂದಿದ್ದ. ಮಗಳು ಮುಂದೆ ಬಂದು ನಿಂತು, "ನಮ್ಮಪ್ಪನ ಅಳತೆ ತಪ್ಪಾಗಲ್ಲ. ಮೇಡಂ ಸುಳ್ಳು ಹೇಳ್ತಿದಾರೆ, ಮೋಸ ಇದು," ಎಂದು ಕಿರುಚಿದ್ದಳು. ಮೇಡಂ ಬಳೆಯನ್ನು ಕೊರಳಿಗೆ ಹಾಕಿಕೊಂಡು, "ನಿಮ್ಮಪ್ಪ ನನ್ನ ಟೀಮಲ್ಲಿಲ್ಲ, ಅವರು ಏನಾದ್ರೂ ಅಂದ್ಕೊಳ್ಳಲಿ. ನೀನಿದೀಯ. ಆಡೋರು ಹಾಗೆ ಮಾತಾಡೋ ಹಾಗಿಲ್ಲಮ್ಮ. ತಪ್ಪಾಯ್ತು ಅನ್ನು, ಕ್ಲಬ್ಬಿನ ಸ್ಟಿಕ್ಕು ತಗೊಂಡು ಒಳಗೆ ಹೋಗು," ಎಂದರು. ಮಗಳು ತಿರುಗಿ ಅವನ ಮುಖ ನೋಡಿದಳು. ಅವನು ಒಂದೇ ಒಂದು ಸಲ, ಬಲು ನಿಧಾನವಾಗಿ, ಬೇಡವೆಂದು ತಲೆಯಾಡಿಸಿದ.

ಎರಕದ ಕಾರ್ಖಾನೆಯ ಪ್ಯಾಟರ್ನ್ ಶಾಪಿನಲ್ಲಿ ಅವನ ಮೇಜು ಕಿಟಕಿಯ ಪಕ್ಕ. ಇಪ್ಪತ್ತೆರಡು ವರ್ಷದಿಂದ ಅದೇ ಮೇಜು. ಕಬ್ಬಿಣದಲ್ಲಿ ಬೇಕಾದ ವಸ್ತುವನ್ನು ಮೊದಲು ಮರದಲ್ಲಿ ಮಾಡುವುದು ಅವನ ಕೆಲಸ. ಆ ಮರದ ಮಾದರಿಯನ್ನು ಮರಳಿನಲ್ಲಿ ಒತ್ತಿ ತೆಗೆದು, ಉಳಿದ ಗುಳಿಗೆ ಕಾದ ಕಬ್ಬಿಣ ಹೊಯ್ಯುವವರು ಕೆಳಗಿನ ಶೆಡ್ಡಿನವರು. ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಸಹಿಸದವನೆಂದು ಇಡೀ ಕಾರ್ಖಾನೆ ಅವನನ್ನು 'ಕೂದಲೆಳೆ' ಎಂದೇ ಕರೆಯುತ್ತಿತ್ತು. ಅದನ್ನು ಅವನು ಬಿರುದಿನಂತೆ ಧರಿಸಿದ್ದ. ಗಡಿಯಾರದಲ್ಲಿ ಹತ್ತು ಗಂಟೆ. ಒಂದು ಪಂಪಿನ ಮೈಯನ್ನು ಉಜ್ಜುತ್ತಿದ್ದಾಗ ಕೆಳಗಿನ ಶೆಡ್ಡಿನ ಮರಳಣ್ಣ, ಎಂದರೆ ಮರಳಿನ ಅಚ್ಚು ಕಟ್ಟುವ ಹೊಸ ಕೆಲಸಗಾರ, ಕಂಕುಳಲ್ಲಿ ಪೇಪರು ಸುತ್ತಿದ ಗಾಜಿನ ಹಲಗೆ ಇಟ್ಟುಕೊಂಡು ಮೆಟ್ಟಿಲು ಹತ್ತಿ ಬಂದ.

"ಕೂದಲೆಳೆ ಅಣ್ಣ, ನಿನ್ನಿಂದ ನಮ್ಮನೆಗೆ ಒಳ್ಳೆ ಗಾಳಿ ಬಂತು."

"ಏನಯ್ಯ ಅದು?"

"ಗುರುವಾರ ನಿನ್ನ ಪಟ್ಟಿ ಇಸ್ಕೊಂಡು ಹೋದ್ನಲ್ಲ, ಕಿಟಕಿ ಅಳೆಯೋಕೆ. ಅದರ ಲೆಕ್ಕಕ್ಕೆ ಗಾಜು ಕತ್ತರಿಸ್ಕೊಂಡು ಬಂದೆ. ಕೂರಿಸಿದ್ರೆ ಸುತ್ತ ಸಂದು! ಒಂದು ಕಡೆ ನೂಕಿದ್ರೆ ಇನ್ನೊಂದು ಕಡೆ ನನ್ನ ಕಿರುಬೆರಳು ಹೋಗತ್ತೆ. ಹೆಂಡತಿ ಹೇಳಿದ್ಳು, ಅಳೆಯೋಕೂ ಬರಲ್ವಾ ನಿಮಗೆ ಅಂತ."

ಅವನು ನಕ್ಕ. ಶಾಪಿನಲ್ಲಿದ್ದ ಇನ್ನಿಬ್ಬರೂ ನಕ್ಕರು. "ಅದು ಕುಗ್ಗುಪಟ್ಟಿ ಕಣೋ," ಎಂದು ಅವರಲ್ಲೊಬ್ಬ ಹೇಳಿದ. "ಕಾದ ಕಬ್ಬಿಣ ಆರಿದ ಮೇಲೆ ನೂರಕ್ಕೆ ಒಂದು ಪಾಲು ಕುಗ್ಗತ್ತೆ, ಅದಕ್ಕೆ ನಾವು ಮಾದರೀನ ಅಷ್ಟು ದೊಡ್ಡದು ಮಾಡ್ಬೇಕು. ಪ್ರತಿ ಸಲ ಲೆಕ್ಕ ಹಾಕೋದು ಯಾರು ಅಂತ ಪಟ್ಟೀನೇ ಹಿಗ್ಗಿಸಿ ಮಾಡಿರ್ತಾರೆ. ಅದರಲ್ಲಿ ನೂರು ಅಂದ್ರೆ ನಿಜವಾಗಿ ನೂರಾಒಂದು. ನಿಮ್ಮನೆ ಕಿಟಕಿ ಏನು ಕಾದು ಆರಿ ಕುಗ್ಗತ್ತಾ? ಅದರ ತುದಿಗೆ ಕೆಂಪು ಬಣ್ಣ ಇರತ್ತೆ, ನೋಡ್ಕೊಂಡು ತಗೋಬೇಕು."

"ಕೆಂಪು ಎಲ್ಲಿತ್ತು? ಅದೂ ಅಲ್ದೆ ಮೇಜಿನ ಮೇಲಿಂದ ತಗೊಳ್ಲಿಲ್ಲ ನಾನು. ಅಣ್ಣನ ಚೀಲದಿಂದ ತಗೊಂಡಿದ್ದು. ಮನೆಗೆ ತಗೊಂಡು ಹೋಗೋ ಚೀಲದಿಂದ."

ಅವನ ನಗೆ ಅರ್ಧದಲ್ಲಿ ನಿಂತಿತು. ಆದರೆ ಬಾಯಿ ಇನ್ನೂ ನಗುವ ಆಕಾರದಲ್ಲೇ ಇತ್ತು. ಮರಳಣ್ಣ ಇಳಿದು ಹೋದ ಮೇಲೆ ಅವನು, ನಿನ್ನೆ ಆತ ಹಿಂದಿರುಗಿಸಿದ್ದ ಆ ಉಕ್ಕಿನ ಪಟ್ಟಿಯನ್ನು ಚೀಲದಿಂದ ತೆಗೆದ. ತುದಿಯನ್ನು ಉಗುರಿನಿಂದ ಕೆರೆದ. ಸಂದಿಯಲ್ಲಿ ಸಾಸಿವೆಯಷ್ಟು ಕೆಂಪು ಉಳಿದಿತ್ತು. ಮೇಜಿನ ಖಾನೆಯ ತಳದಲ್ಲಿ ಬಳಸದೆ ಬಿದ್ದಿದ್ದ ಮಾಮೂಲಿ ಪಟ್ಟಿಯೊಂದನ್ನು ತೆಗೆದು ಎರಡನ್ನೂ ಪಕ್ಕಪಕ್ಕ ಇಟ್ಟ. ಐವತ್ತರ ಹತ್ತಿರ ಒಂದರ ಗೆರೆ ಇನ್ನೊಂದರ ಗೆರೆಯಿಂದ ಕೂದಲೆಳೆಯಷ್ಟು ಸರಿದಿತ್ತು. ಮುನ್ನೂರರ ಹತ್ತಿರ ಮೂರು ಗೆರೆ. ಹೋದ ಶನಿವಾರ ಮನೆಗೆ ಬಂದು ಕೋಲಿನ ದಪ್ಪವನ್ನು ಕ್ಯಾಲಿಪರಿನ ಎರಡು ಕಾಲುಗಳ ನಡುವೆ ಹಿಡಿದು, ಆ ಅಂತರವನ್ನು ಇದೇ ಪಟ್ಟಿಯ ಮೇಲಿಟ್ಟು ಇಪ್ಪತ್ತು ಸಲ ಓದಿದ್ದ. ಇಪ್ಪತ್ತು ಸಲವೂ ಸರಿ ಬಂದಿತ್ತು. ಇಪ್ಪತ್ತನೆಯ ಸಲಕ್ಕೆ ಮಗಳನ್ನು ಕರೆದು, "ನೀನೇ ಓದು," ಎಂದಿದ್ದ. ಅವಳು ಬಗ್ಗಿ ಓದಿ, "ಐವತ್ತೊಂದಕ್ಕೆ ಕಾಲು ಕಮ್ಮಿ," ಎಂದಿದ್ದಳು. ನಿಜವಾಗಿ ಅದು ಐವತ್ತೊಂದಕ್ಕೆ ಕಾಲು ಹೆಚ್ಚು.

ಆಗಲೇ ಎದ್ದು ಹೋಗಬೇಕಿತ್ತು. ಮನುಷ್ಯ ತನ್ನ ತಪ್ಪನ್ನು ತಿಳಿದ ಕ್ಷಣಕ್ಕೂ ಅದನ್ನು ನುಡಿಯುವ ಕ್ಷಣಕ್ಕೂ ನಡುವೆ ಎಷ್ಟು ಹೊತ್ತು ಕಳೆಯುತ್ತಾನೋ ಅಷ್ಟು ಹೊತ್ತೂ ಅವನು ಹೊಸದೊಂದು ತಪ್ಪನ್ನು ಮಾಡುತ್ತಲೇ ಇರುತ್ತಾನೆ. ಇದನ್ನು ಮಗಳಿಗೆ ಪದೇ ಪದೇ ಬೋಧಿಸಿದವನು ಅವನೇ. ಫೋನು ಅಂಗಿಯ ಜೇಬಿನಲ್ಲಿತ್ತು. ಇಂಥದ್ದನ್ನು ಫೋನಿನಲ್ಲಿ ಹೇಳಬಾರದು ಎಂದುಕೊಂಡ. ಅರ್ಧ ದಿನದ ರಜೆ ಕೇಳಬಹುದಿತ್ತು. ಪಂಪಿನ ಕೆಲಸ ಇವತ್ತೇ ಮುಗಿಯಬೇಕು ಎಂದುಕೊಂಡ. ಪಂಪನ್ನು ಸೋಮವಾರದ ತನಕ ಯಾರೂ ಕೇಳುತ್ತಿರಲಿಲ್ಲ. ಅವನು ಬಲು ಅಚ್ಚುಕಟ್ಟಾಗಿ ಉಜ್ಜಿದ. ಉಜ್ಜುತ್ತ, ಕಾಲು ಮಿಲಿಮೀಟರು ಎಂದರೆ ಎಷ್ಟು ಎಂದು ಯೋಚಿಸಿದ. ವಾರ್ನಿಷಿನ ಪದರವೇ ಅದರ ಅರ್ಧ ಇದ್ದೀತು. ಸ್ಯಾಂಡ್‌ಪೇಪರು ಹಿಡಿದರೆ ಹತ್ತು ನಿಮಿಷ. ಮೇಲೆ ಮತ್ತೆ ತೆಳುವಾಗಿ ಒಂದು ಕೈ ವಾರ್ನಿಷು. ಆಮೇಲೆ ಮೈದಾನಕ್ಕೆ ಹೋಗಿ, 'ಇನ್ನೊಂದು ಸಲ ನೋಡಿ ಮೇಡಂ' ಎಂದರೆ ಬಳೆ ಸರಾಗವಾಗಿ ಇಳಿಯುತ್ತದೆ. ಯಾರೂ ಏನನ್ನೂ ಹೇಳಬೇಕಿಲ್ಲ. ನೋಡಿದವರು ತಾವೇ ತೀರ್ಮಾನಿಸುತ್ತಾರೆ: ಹೋದ ವಾರ ಬಳೆಯಲ್ಲೇ ಏನೋ ಇತ್ತು, ಹುಡುಗಿ ಹೇಳಿದ್ದೇ ನಿಜ. ಮೇಡಂ ಕೂಡ ತಮ್ಮ ಕೈಯನ್ನೇ ಅನುಮಾನಿಸಿಯಾರು. ಮಗಳು ಕ್ಷಮೆ ಕೇಳದೆಯೇ ಆಡಿಯಾಳು. ಇಷ್ಟು ನಯವಾಗಿ, ಇಷ್ಟು ಅಳತೆಗೆ ಸರಿಯಾಗಿ ಕೂರುವ ಸುಳ್ಳನ್ನು ಅವನು ಹಿಂದೆಂದೂ ಕೈಯಲ್ಲಿ ಹಿಡಿದಿರಲಿಲ್ಲ. ಶನಿವಾರದ ಕೆಲಸ ಮುಗಿಯುವ ಒಂದೂವರೆಯ ಗಂಟೆ ಹೊಡೆದಾಗ ಶಾಪಿನಿಂದ ಹೊಸ ಸ್ಯಾಂಡ್‌ಪೇಪರಿನ ಎರಡು ಹಾಳೆಗಳನ್ನು ಮಡಿಸಿ ಜೇಬಿಗಿಟ್ಟುಕೊಂಡ. ಏಕೆಂದು ತಿಳಿಯದೆ ಎರಡು ಪಟ್ಟಿಗಳನ್ನೂ ಚೀಲಕ್ಕೆ ಹಾಕಿದ.

ಮನೆಯಲ್ಲಿ ಯಾರೂ ಇರಲಿಲ್ಲ. ಹೆಂಡತಿ ಕೆಲಸಕ್ಕೆ ಹೋಗಿದ್ದಳು. ಮಗಳು ಪೂರ್ತಿ ಸಮವಸ್ತ್ರದಲ್ಲಿ ಮೈದಾನಕ್ಕೆ ಹೋಗಿದ್ದಾಳೆಂಬುದು ಗೂಟದಲ್ಲಿ ಅಂಗಿ ಇಲ್ಲದಿದ್ದುದರಿಂದ ತಿಳಿಯಿತು. ಆಡಲು ಬಿಡದಿದ್ದರೂ ಹೋಗಿ ಬೆಂಚಿನ ಮೇಲೆ ಕೂರುವುದು ಅವಳ ಹಟ. ಅವಳ ಹಟ ಅವನದೇ. ಕೋಲು ಕೋಣೆಯ ಬಾಗಿಲ ಹಿಂದೆ ಒರಗಿತ್ತು. ಅವನು ನೆಲದ ಮೇಲೆ ಕುಳಿತು, ಅದನ್ನು ತೊಡೆಯ ಮೇಲೆ ಅಡ್ಡ ಇಟ್ಟು, ಬಾಗುವಲ್ಲಿ ಉಜ್ಜತೊಡಗಿದ. ಗಡಿಯಾರ ಎರಡೂಕಾಲು ತೋರಿಸುತ್ತಿತ್ತು. ವಾರ್ನಿಷು ಎದ್ದು, ಕೆಳಗಿನ ಮರ ಬೆಳ್ಳಗೆ ಕಾಣಿಸಿಕೊಂಡಿತು. ಒಂದು ಅಂಗೈ ಅಗಲ. ಕೈ ತನ್ನಷ್ಟಕ್ಕೆ ಓಡುತ್ತಿತ್ತು. ಮನಸ್ಸು ಮಾತ್ರ ಮೇಡಂಗೆ ಹೇಳಬೇಕಾದ ಮಾತನ್ನು ಹೊಂದಿಸುತ್ತಿತ್ತು, ಅದರಲ್ಲಿ ಒಂದಾದರೂ ಪದ ಸುಳ್ಳಾಗಿರಬಾರದು ಎಂಬ ಎಚ್ಚರದಿಂದ. ಮೈ ನೆಟ್ಟಗೆ ಮಾಡಲು ತಲೆಯೆತ್ತಿದಾಗ ಎದುರಿಗೆ ಬಾಗಿಲ ಚೌಕಟ್ಟು ಇತ್ತು. ಅದರ ಮೇಲೆ ಪೆನ್ಸಿಲಿನ ಗೆರೆಗಳು, ಪ್ರತಿ ಹುಟ್ಟುಹಬ್ಬಕ್ಕೆ ಒಂದು, ಪಕ್ಕದಲ್ಲಿ ಅವನ ದುಂಡು ಅಂಕಿಗಳು. ಒಂಬತ್ತನೆಯ ಗೆರೆ ನೋಡಿದಾಗ ಅವನ ಕೈ ನಿಂತಿತು.

ಆ ವರ್ಷ ಶಾಲೆಯ ಆರೋಗ್ಯ ಚೀಟಿಯಲ್ಲಿ ಮಗಳ ಎತ್ತರ ಅವನ ಅಂಕಿಗಿಂತ ಒಂದು ಸೆಂಟಿಮೀಟರಿಗೂ ಮಿಕ್ಕಿ ಹೆಚ್ಚಾಗಿ ಬಂದಿತ್ತು. ಅವನು ಒಂದು ಪುಟದ ಕಾಗದ ಬರೆದು, ಶಾಲೆಯ ಗೋಡೆಯ ಗುರುತು ತಪ್ಪಾಗಿದೆಯೆಂದೂ, ಮಕ್ಕಳಿಗೆ ಸುಳ್ಳು ಅಳತೆಯನ್ನು ಹೇಳುವುದು ಅನ್ಯಾಯವೆಂದೂ, ಕೂಡಲೇ ಸರಿಪಡಿಸಬೇಕೆಂದೂ ಆಗ್ರಹಪಡಿಸಿದ್ದ. ಅವರು ಉತ್ತರಿಸದಿದ್ದುದನ್ನು ತನ್ನ ಗೆಲುವೆಂದು ಎಣಿಸಿದ್ದ. ಅಂದರೆ ಪಟ್ಟಿಗಳು ಅದಲುಬದಲಾಗಿ ನಾಲ್ಕು ವರ್ಷಕ್ಕೂ ಮೇಲಾಗಿತ್ತು. ಅಡುಗೆಮನೆಯ ಕಪಾಟು, ಮಗಳ ಮೇಜು, ಪುಸ್ತಕದ ಗೂಡು ಎಲ್ಲವೂ ಆ ಪಟ್ಟಿಯವೇ. ಯಾವುದರಲ್ಲೂ ತಪ್ಪು ಕಂಡಿರಲಿಲ್ಲ. ಒಂದೇ ಪಟ್ಟಿಯಿಂದ ಅಳೆದದ್ದೆಲ್ಲ ಒಂದಕ್ಕೊಂದು ಸರಿಯಾಗಿಯೇ ಕೂರುತ್ತದೆ. ಹೊರಗಿನಿಂದ ಒಂದು ಬಳೆ ಬರುವ ತನಕ ಅದರ ಸುಳ್ಳು ಯಾರಿಗೂ ತಿಳಿಯದು. ಅವನು ಎದ್ದು, ಸರಿಯಾದ ಪಟ್ಟಿಯನ್ನು ಒಂದರ ಮೇಲೊಂದು ಗುರುತು ಮಾಡುತ್ತ ನೆಲದಿಂದ ಕೊನೆಯ ಗೆರೆಯ ತನಕ ಅಳೆದ. ಪಕ್ಕದಲ್ಲಿ ನೂರ ನಲವತ್ತೈದು ಎಂದು ಬರೆದಿತ್ತು. ಅವಳಿದ್ದದ್ದು ನೂರ ನಲವತ್ತಾರೂವರೆ. ಮುಂದಿನ ಸಾಲಿನಲ್ಲಿ ಆಡಬೇಕೆಂಬ ಆಸೆಯಿದ್ದ ಹುಡುಗಿ ಎಷ್ಟೋ ಬೆಳಿಗ್ಗೆ ಈ ಚೌಕಟ್ಟಿಗೆ ಬೆನ್ನು ಕೊಟ್ಟು, "ಸರಿಯಾಗಿ ನೋಡು ಅಪ್ಪ, ಇನ್ನೂ ಸ್ವಲ್ಪ ಇಲ್ವಾ?" ಎಂದು ಕೇಳಿದ್ದಳು. "ಇಲ್ಲ. ಇರೋದು ಇಷ್ಟೇ. ಇಲ್ಲದ್ದನ್ನ ಇದೆ ಅನ್ನಬಾರದು," ಎಂದು ಅವನು ಹೇಳಿದ್ದ.

ಸ್ಯಾಂಡ್‌ಪೇಪರನ್ನು ಮತ್ತೆ ಜೇಬಿಗೆ ತುರುಕಿ, ಕೋಲನ್ನೂ ಚೀಲವನ್ನೂ ಹೆಗಲಿಗೇರಿಸಿ ಅವನು ಹೊರಬಿದ್ದಾಗ ಮೂರಕ್ಕೆ ಐದು ನಿಮಿಷವಿತ್ತು. ಮೈದಾನ ಇಪ್ಪತ್ತು ನಿಮಿಷದ ದಾರಿ. ಸೈಕಲ್ಲನ್ನು ಅವನು ಜೋರಾಗಿಯೇ ತುಳಿದ. ಅದು ಹೆಸರಿನ ಪಟ್ಟಿ ಕೊಡುವ ಹೊತ್ತನ್ನು ಹಿಡಿಯಲೆಂದೇ ಆಗಿದ್ದರೆ ಹತ್ತು ಗಂಟೆಗೇ ಹೊರಡಬಹುದಿತ್ತು ಎಂಬುದು ಪ್ರತಿ ತಿರುವಿನಲ್ಲೂ ಅವನಿಗೆ ನೆನಪಾಗುತ್ತಿತ್ತು.

ನೀರಿನ ತೊಟ್ಟಿಯ ಕೆಳಗಿನ ಬೆಂಚಿನಲ್ಲಿ ಮಗಳು ಒಬ್ಬಳೇ ಕುಳಿತಿದ್ದಳು. ಎರಡೂ ತಂಡದವರು ಅತ್ತ ಗೋಲಿನ ಹತ್ತಿರ ಓಡಿ ಮೈ ಬಿಸಿ ಮಾಡಿಕೊಳ್ಳುತ್ತಿದ್ದರು.

"ಅಪ್ಪ! ಸ್ಟಿಕ್ಕು ಯಾಕೆ ತಂದೆ?" ಎಂದು ಅವಳು ಎದ್ದಳು. ಆಮೇಲೆ ಅದನ್ನು ಕೈಗೆ ತೆಗೆದುಕೊಂಡು, "ಇದೇನು ಇಲ್ಲಿ ಬೆಳ್ಳಗೆ?" ಎಂದಳು.

"ಕೂತ್ಕೋ. ಹೇಳ್ತೀನಿ."

ಅವನು ಎರಡು ಪಟ್ಟಿಗಳನ್ನೂ ಬೆಂಚಿನ ಮೇಲೆ ಪಕ್ಕಪಕ್ಕ ಇಟ್ಟ. ಹೆಚ್ಚು ಹೇಳಬೇಕಾಗಲಿಲ್ಲ. ಅವಳು ಬಗ್ಗಿ, ಬೆರಳನ್ನು ಗೆರೆಯಿಂದ ಗೆರೆಗೆ ಒಯ್ಯುತ್ತ, ಕೊನೆ ಮುಟ್ಟಿದಳು.

"ಹಾಗಾದ್ರೆ ಬಳೆ ಸರಿ ಇತ್ತು."

"ಸರಿ ಇತ್ತು. ನನ್ನ ಪಟ್ಟಿ ತಪ್ಪಿತ್ತು."

"ನಾನು ಎಲ್ಲರ ಮುಂದೆ ಮೇಡಂನ ಸುಳ್ಳಿ ಅಂದೆ."

"ಅದು ನನ್ನಿಂದ. ನಡಿ, ನಾನೇ ಹೇಳ್ತೀನಿ ಅವರಿಗೆ, ನಿನ್ನದೇನೂ ತಪ್ಪಿಲ್ಲ ಅಂತ."

"ಬೇಡ," ಎಂದಳು. "ಅಂದಿದ್ದು ನಾನು. ನಿನ್ನದು ನೀನು ಹೇಳು. ನನ್ನದು ನಾನು ಹೇಳ್ತೀನಿ." ಎರಡು ಹೆಜ್ಜೆ ಹೋಗಿ ತಿರುಗಿದಳು. "ನಿನಗೆ ಯಾವಾಗ ಗೊತ್ತಾಯ್ತು?"

ಅವನಿಗೆ ಆ ಕ್ಷಣದಲ್ಲಿ 'ಈಗ ತಾನೇ' ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು, ಮೂವತ್ತು ವರ್ಷದ ಹಿಂದೆ ಬೆತ್ತದ ಮುಂದೆ ಬಂದಂತೆ, ತಾನಾಗಿಯೇ.

"ಹತ್ತು ಗಂಟೆಗೆ," ಎಂದ.

ಅವಳು ಕೋಲಿನ ಬಿಳಿ ಮಚ್ಚೆಯನ್ನು ನೋಡಿದಳು. ಆಮೇಲೆ ಪೆವಿಲಿಯನ್ನಿನ ಗಡಿಯಾರವನ್ನು. ತುಟಿಗಳು ಸದ್ದಿಲ್ಲದೆ ಅಲ್ಲಾಡಿದವು. "ಐದೂಕಾಲು ಗಂಟೆ," ಎಂದಳು, ಸಿಟ್ಟಿಲ್ಲದೆ, ಪಟ್ಟಿ ಓದಿದಂತೆ.

ಮೇಡಂ ಗೆರೆಯ ಹೊರಗೆ ನಿಂತಿದ್ದರು. ಮಗಳು ನೇರ ಹೋಗಿ, "ಮೇಡಂ, ನಿಮ್ಮನ್ನ ಸುಳ್ಳಿ ಅಂದೆ. ಮೋಸ ಅಂದೆ. ತಪ್ಪಾಯ್ತು," ಎಂದಳು. ಅವನು ಅದಕ್ಕಿಂತ ದೊಡ್ಡದಾಗಿ ಹೇಳಿದ, ಪೆವಿಲಿಯನ್ನಿನ ಬೆಂಚುಗಳ ಮೇಲಿದ್ದ ತಂದೆತಾಯಿಯರ ಕಡೆಗೂ ತಿರುಗಿ, ಪಟ್ಟಿಯ ವಿಷಯ, ಬಳೆಯ ವಿಷಯ, ಹೋದ ವಾರದ ತನ್ನ ಮಾತಿನ ವಿಷಯ. ಅವರಲ್ಲಿ ಕಾರ್ಖಾನೆಯವರು ಯಾರೋ "ಕೂದಲೆಳೆಗೂ ಕೂದಲು ಉದುರ್ತು" ಎಂದರು. ನಗೆ ಎದ್ದಿತು. ಅವನು ಅದು ಪೂರ್ತಿ ಮುಗಿಯುವ ತನಕ ಅಲ್ಲೇ ನಿಂತಿದ್ದ.

"ಆಯ್ತು ಸಾರ್," ಎಂದರು ಮೇಡಂ. ಮಗಳ ಹೆಗಲ ಮೇಲೆ ಕೈಯಿಟ್ಟರು. "ನನ್ನ ಮಟ್ಟಿಗೆ ಮುಗೀತಮ್ಮ. ಆದ್ರೆ ಹೆಸರಿನ ಪಟ್ಟಿ ಮೂರಕ್ಕೇ ಕೊಟ್ಟಾಯ್ತು. ಎರಡೂವರೆ ತನಕ ನಿನ್ನ ಹೆಸರು ಬರೆಯೋ ಜಾಗ ಖಾಲಿ ಇಟ್ಕೊಂಡು ಕೂತಿದ್ದೆ. ಇನ್ನು ಬದಲಾಯಿಸೋ ಹಾಗಿಲ್ಲ."

"ಒಂದು ಹೆಸರು ತಾನೇ ಮೇಡಂ," ಎಂದ ಅವನು. "ತಪ್ಪು ನನ್ನದು—"

"ಅಪ್ಪ," ಎಂದಳು ಮಗಳು. "ನಿಯಮ ಅದು." ಆಮೇಲೆ ಮೇಡಂ ಕಡೆ ತಿರುಗಿ, "ಮೇಡಂ, ಮ್ಯಾಚ್ ಮುಗಿಯೋ ತನಕ ಬಳೆ ಕೊಡ್ತೀರಾ?" ಎಂದು ಕೇಳಿದಳು. ಮೇಡಂ ಕೊರಳಿನಿಂದ ದಾರ ಬಿಚ್ಚಿ ಕೊಟ್ಟರು.

ಆಟ ಶುರುವಾಯಿತು. ಮಗಳಿಲ್ಲದ ಆಟವನ್ನು ಅವನು ನೋಡಿದ್ದು ಅದೇ ಮೊದಲು. ಚೆಂಡು ಅತ್ತಿಂದಿತ್ತ ಓಡುತ್ತಿತ್ತು, ಅವಳ ಜಾಗದಲ್ಲಿ ಬೇರೊಬ್ಬಳು ಇದ್ದಳು, ಅವಳೂ ಚೆನ್ನಾಗಿಯೇ ಆಡುತ್ತಿದ್ದಳು. ಅವನು ಏನನ್ನೂ ಕೂಗಲಿಲ್ಲ. ಪಕ್ಕದಲ್ಲಿ ಮಗಳು ಕೈ ಚಾಚಿ, "ಸ್ಯಾಂಡ್‌ಪೇಪರ್ ಕೊಡು. ಜೇಬಲ್ಲಿದೆ ಅಲ್ವಾ?" ಎಂದಳು. ಅವನು ಕೊಟ್ಟ. ಅವಳು ಎರಡು ಪಟ್ಟಿಗಳಲ್ಲಿ ಸರಿಯಾದದ್ದನ್ನು ಆರಿಸಿ ತನ್ನ ಚೀಲದಲ್ಲಿಟ್ಟುಕೊಂಡಳು. ಇನ್ನೊಂದನ್ನು ಅವನತ್ತ ಸರಿಸಿದಳು. ಕೋಲನ್ನು ಮಂಡಿಗಳ ನಡುವೆ ಹಿಡಿದು ಉಜ್ಜತೊಡಗಿದಳು. ಕೈ ಒರಟಾಗಿ, ಸಾಲು ತಪ್ಪಿ ಓಡುತ್ತಿತ್ತು, ಮರದ ಎಳೆಗೆ ಅಡ್ಡವಾಗಿ. ಪುಡಿ ಅವನ ಚಪ್ಪಲಿಯ ಮೇಲೆ ಬೀಳುತ್ತಿತ್ತು. ಸ್ವಲ್ಪ ಹೊತ್ತಿಗೆ ಅವಳು ಬಳೆಯನ್ನು ಹಿಡಿಯಿಂದ ತೊಡಿಸಿ ಕೆಳಕ್ಕೆ ಬಿಟ್ಟಳು. ಅದು ಜಾರಿ, ಬಾಗುವಲ್ಲಿ ಬಂದು ನಿಂತಿತು.

"ಎಳೆ ನೋಡ್ಕೊಂಡು ಉಜ್ಜಬೇಕು. ಇಲ್ಲಿ ಕೊಡು," ಎಂದು ಅವನು ಕೈ ಚಾಚಿದ.

ಅವಳು ಕೋಲನ್ನು ಆಚೆ ಮಂಡಿಗೆ ಸರಿಸಿಕೊಂಡಳು. "ಇನ್ನೂ ಸ್ವಲ್ಪ ಇದೆ," ಎಂದಳು, ಮತ್ತು ಬಳೆಯನ್ನು ಮೇಲಕ್ಕೆತ್ತಿ ಮತ್ತೆ ಉಜ್ಜತೊಡಗಿದಳು.